ಪೇಟಿ ಮಾಸ್ತರನ ಎಡಗಿವಿಯ ಬಿರಡೆ

ನಾನು ಹುಟ್ಟಿದ್ದು ಒಬ್ಬ ಮನುಷ್ಯನ ಎಡಗಿವಿಯೊಳಗೆ. ಅಂಥ ಜಾಗವನ್ನು ನಾನಾಗಿ ಕೇಳಿ ಪಡೆದವನಲ್ಲ. ಮಡಕೆ ಮಣ್ಣಿನಿಂದ ಹುಟ್ಟುತ್ತದೆ, ತೊಟ್ಟಿಲು ಮರದಿಂದ ಹುಟ್ಟುತ್ತದೆ. ಅವುಗಳಿಗೊಂದು ಮರ್ಯಾದೆ ಇದೆ. ನನ್ನ ಪಾಲಿಗೆ ಬಂದದ್ದು ಕೂದಲು, ಗುಗ್ಗೆ ಮತ್ತು ಮೂವತ್ತು ವರ್ಷದ ರಸ್ತೆ ಧೂಳು ಕಂಡ ಒಂದು ಸೊಟ್ಟ ಸುರಂಗ.

ನಾನು ಕಿವಿಬಿರಡೆ. ಬೈಕ್ ಓಡಿಸುವವರ ಹೆಲ್ಮೆಟ್ಟಿನೊಳಗೆ ನುಗ್ಗುವ ಗಾಳಿಯ ಆರ್ಭಟವನ್ನು ತಡೆಯುವುದು ನನ್ನ ಕೆಲಸ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುವ ಬಿರಡೆಗಳ ಜಾತಿ ನನ್ನದಲ್ಲ. ಒಬ್ಬನ ಕಿವಿಯ ಅಚ್ಚು ತೆಗೆದು, ಆ ಒಂದು ಕಿವಿಗೆಂದೇ ಎರಕ ಹೊಯ್ದು ನನ್ನನ್ನು ಮಾಡಿದ್ದಾರೆ. ಹೊಟ್ಟೆಯೊಳಗೆ ಜೋಳದ ಕಾಳಿನಷ್ಟು ದೊಡ್ಡ ಸ್ಪೀಕರ್ ಇದೆ. ಬಲಗಿವಿಗೆ ನನ್ನದೇ ಜೋಡಿ ಇನ್ನೊಂದು. ಇಬ್ಬರನ್ನೂ ಒಂದು ಕಪ್ಪು ತಂತಿ ಸೇರಿಸಿ, ಅಂಗಿಯ ಜೇಬಿನಲ್ಲಿರುವ ಫೋನಿಗೆ ಕಟ್ಟಿಹಾಕುತ್ತದೆ.

ಆ ಕಿವಿಯ ಒಡೆಯ ಮೌನೇಶ ಬಡಿಗೇರ. ಗದಗಿನಲ್ಲಿ ಅವನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿ. ಆ ಕಡೆಯವರು ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ, ಅವನಿಗೆ ಪೇಟಿ ಮಾಸ್ತರ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಯಾವುದೇ ಭಜನಾ ಮಂಡಳಿಯ ಪೇಟಿ ಸ್ವರ ತಪ್ಪಿದರೂ ಇವನು ತನ್ನ ಹಳೆಯ, ಭಾರೀ ಸದ್ದಿನ ಬೈಕ್ ಹತ್ತಿ ಹೋಗಬೇಕು. ಬೆರಳೊತ್ತುವ ಪ್ರತಿಯೊಂದು ಪಟ್ಟಿಯ, ಅಂದರೆ ಮನೆಯ, ಕೆಳಗೂ ಎರಡೆರಡು ಹಿತ್ತಾಳೆ ನಾಲಗೆಗಳಿರುತ್ತವೆ. ಎರಡೂ ಒಂದೇ ಸ್ವರ ನುಡಿಯಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸ್ವರ ಅಲೆಅಲೆಯಾಗಿ ನಡುಗುತ್ತದೆ. ಮೌನೇಶ ಎಡಗಿವಿಯನ್ನು ಪೇಟಿಗೆ ಬಾಗಿಸಿ, ಬಲಗೈಯಲ್ಲಿ ಸಣ್ಣ ಅರ ಹಿಡಿದು, ಆ ನಡುಕ ನಿಲ್ಲುವವರೆಗೆ ನಾಲಗೆಯನ್ನು ಉಜ್ಜುತ್ತಾನೆ. ಎಡಗಿವಿ ಕೈಕೊಟ್ಟರೆ ಅವನ ವಿದ್ಯೆಯೆಲ್ಲ ಹಲಗೆ ಮತ್ತು ಅಂಟು, ಅಷ್ಟೇ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಮಾಡಿದ್ದನ್ನು ಹೇಳುತ್ತೇನೆ, ಕೇಳಿ.

ಕಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತೆಂದು ಹೆಂಡತಿ ಕಮಲಾಕ್ಷಿ ಅವನನ್ನು ಹುಬ್ಬಳ್ಳಿಯ ಒಂದು ಕಿವಿ ಪರೀಕ್ಷೆಯ ಕೇಂದ್ರಕ್ಕೆ ಎಳೆದುಕೊಂಡು ಬಂದಳು. ಅಲ್ಲಿದ್ದವರು ತನುಜಾ ಮೇಡಂ, ಮೈಸೂರಿನ ಕಡೆಯವರು. ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು.

“ಎರಡು ಕಿವೀನೂ ದಣಿದಿವೆ ಮಾಸ್ತರೇ. ಆದ್ರೆ ಹೋಗಿಲ್ಲ. ಇವತ್ತಿಂದ ಗಾಳಿ ಸದ್ದು ತಪ್ಪಿಸಿದ್ರೆ ಹೀಗೇ ಉಳ್ಕೊಳ್ತವೆ.”

“ತಪ್ಪಿಸದಿದ್ರ?”

“ಒಂದೆರಡು ವರ್ಷದಲ್ಲಿ ಪೇಟಿ ಕೆಲಸ ಬಿಡ್ಬೇಕಾಗುತ್ತೆ.”

ಅವನ ಮುಖ ಬಿಳುಚಿಕೊಂಡಿತು. ಮೇಡಂ ಒಂದು ತಟ್ಟೆಯಲ್ಲಿ ಎರಡು ಬಗೆಯ ಬಿರಡೆಗಳನ್ನು ತಂದಿಟ್ಟರು. ಒಂದು ಬರೀ ಮುಚ್ಚುವಂಥದ್ದು. ಇನ್ನೊಂದು ಮುಚ್ಚಿಕೊಂಡೇ ಹಾಡುವಂಥದ್ದು. “ನಿಮ್ಮ ಕೆಲಸಕ್ಕೆ ಮೊದಲನೇದೇ ಸಾಕು,” ಎಂದರು.

ಬಿಳುಚಿದ ಮುಖಕ್ಕೆ ಎರಡನೆಯದನ್ನು ಕಂಡೊಡನೆ ರಕ್ತ ಬಂತು. ಆಟಿಕೆ ಅಂಗಡಿಯ ಮುಂದೆ ನಿಂತ ಮಕ್ಕಳೂ ಅಷ್ಟು ಬೇಗ ತಮ್ಮ ಗಾಯ ಮರೆಯುವುದಿಲ್ಲ.

“ರೀ, ಸುಮ್ಮನಿರೂದು ತೊಗೋರಿ,” ಎಂದಳು ಕಮಲಾಕ್ಷಿ. “ಕಿವಿಗೆ ವಿಶ್ರಾಂತಿ ಕೊಡಸಾಕ ಬಂದೀವಿ ನಾವು.”

“ಮುಂಡರಗಿ ತನಕಾ ಕಿವಿ ಕಟಗೊಂಡು ಹೋಗಾಕ ನಾ ಏನು ಎತ್ತೇನು?”

“ಎತ್ತಾಗಿದ್ರ ಹೇಳಿದ ಮಾತು ಕೇಳತಿದ್ರಿ.”

ಮೇಡಂ ನಗು ತಡೆದುಕೊಂಡರು. “ಸ್ಪೀಕರ್ ಇರೋದು ತಗೊಂಡ್ರೂ ತೊಂದ್ರೆ ಇಲ್ಲ. ಆದ್ರೆ ಹಾಡು ಸಣ್ಣದಾಗಿಟ್ಕೊಳ್ಳಿ. ಕಿವಿ ಗಟ್ಟಿಯಾಗಿ ಮುಚ್ಚಿದ್ರೆ ಸಣ್ಣ ಸದ್ದೂ ಚೆನ್ನಾಗಿ ಕೇಳುತ್ತೆ.”

“ಸಣ್ಣಗನ ಇಡತೇನ್ರಿ ಮೇಡಂ,” ಎಂದ. ಅಷ್ಟು ವಿನಯದಿಂದ ಅವನು ಮಾತಾಡಿದ್ದನ್ನು ನಾನು ಮುಂದೆ ಎಂದೂ ಕೇಳಲಿಲ್ಲ.

ಬಲಗಿವಿಯ ಅಚ್ಚು ಮೊದಲು ತೆಗೆದರು. ನೂಲು ಕಟ್ಟಿದ ಹತ್ತಿಯುಂಡೆಯನ್ನು ಒಳಗಿಟ್ಟು, ಗುಲಾಬಿ ಬಣ್ಣದ ಕಣಕವನ್ನು ಪಿಚಕಾರಿಯಿಂದ ತುಂಬಿದರು. ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟು, ಬಾಯಿ ತೆರೆದೇ ಐದು ನಿಮಿಷ ಕೂರಬೇಕೆಂದರು. ಬಾಯಿ ಆಡಿದಂತೆ ಕಿವಿಯ ಸುರಂಗವೂ ಹಿಗ್ಗಿ ಕುಗ್ಗುತ್ತದೆ. ಬಾಯಿ ತೆರೆದಾಗ ತೆಗೆದ ಅಚ್ಚು ಮಾತ್ರ ಯಾವಾಗಲೂ ಬಿಗಿಯಾಗಿ ಕೂರುತ್ತದೆ. ಐದು ನಿಮಿಷ ಮೌನೇಶ ಮಾತಿಲ್ಲದೆ ಕೂತ. ನನ್ನ ಜೋಡಿ ಹೀಗೆ ಸರಿಯಾದ ಗಳಿಗೆಯಲ್ಲಿ ಹುಟ್ಟಿತು.

ಕಮಲಾಕ್ಷಿ ಆಗ ಯಾರದೋ ಫೋನ್ ಬಂತೆಂದು ಹೊರಗೆ ಹೋದಳು. ಮೇಡಂ ಎರಡನೆಯ ಕಣಕ ಕಲೆಸಲು ಬೆನ್ನು ತಿರುಗಿಸಿದರು. ಊಟವಾಗಿ ಎರಡು ತಾಸಾಗಿತ್ತು. ಎಲೆ ಅಡಿಕೆಯಿಲ್ಲದೆ ಐದು ನಿಮಿಷ ಕಳೆದದ್ದೇ ಅವನ ಪಾಲಿಗೆ ದೊಡ್ಡ ತಪಸ್ಸು. ಜೇಬಿನಿಂದ ಕಟ್ಟಿಟ್ಟ ಎಲೆ ತೆಗೆದು ಎಡದವಡೆಗೆ ತುರುಕಿದ. ಆಮೇಲೆ ಬಾಯಿ ತೆರೆಯುವುದು ಹೇಗೆ? ರಸ ಅಂಗಿಯ ಮೇಲೆ ಸುರಿಯುತ್ತದೆ. ಪ್ಲಾಸ್ಟಿಕ್ ತುಂಡನ್ನು ತುಟಿಯಲ್ಲಿ ತೋರಿಕೆಗೆ ಹಿಡಿದು, ದವಡೆ ಬಿಗಿದು ಕೂತ.

“ಕಚ್ಚಿದ್ದೀರಾ?”

“ಹೂಂ.”

ಬಾಯಿ ತೆರೆದವನಿಂದ ಅಷ್ಟು ಗುಂಡಗಿನ ಹೂಂ ಹೊರಡುವುದಿಲ್ಲವೆಂದು ಮೇಡಂಗೆ ಹೊಳೆಯಬೇಕಿತ್ತು. ಓದಿದವರು. ಹೊಳೆಯಲಿಲ್ಲ. ಅವರ ಮೇಲೂ ನನ್ನ ಗೌರವ ಅಷ್ಟಕ್ಕಷ್ಟೆ. ಹೀಗೆ ನಾನು ಹುಟ್ಟಿದೆ: ಒಂದು ಸುಳ್ಳಿನ ಪಕ್ಕದಲ್ಲಿ, ಒಂದು ಎಲೆಯುಂಡೆಯ ನೆರೆಯಲ್ಲಿ.

ಆ ಗುಲಾಬಿ ಅಚ್ಚನ್ನು ದೂರದ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಮೆತ್ತನೆಯ ನೀಲಿ ರಬ್ಬರಿನಲ್ಲಿ ನನಗೆ ಮೈ ಬಂತು. ಕನ್ನಡಕ ಹಾಕಿದ ಒಬ್ಬಾಕೆ ಚಿಮುಟದಲ್ಲಿ ಸ್ಪೀಕರನ್ನು ಎತ್ತಿ ನನ್ನ ಹೊಟ್ಟೆಯಲ್ಲಿಟ್ಟಳು. ನನ್ನ ಎಡಮೈಯ ವಕ್ರ ಕಂಡು ಒಂದು ಕ್ಷಣ ತಡೆದಳು, ಆಮೇಲೆ “ಅವರವರ ಕಿವಿ ಅವರವರಿಗೆ” ಎಂಬಂತೆ ಮುಂದಕ್ಕೆ ಸಾಗಿಸಿದಳು. ಜೋಡಿಗೆ ಕೆಂಪು ಬಣ್ಣ. ಅದು ಯಾವಾಗಲೂ ಸುಮ್ಮನಿರುತ್ತಿತ್ತು. ಅದನ್ನು ಮಂದಬುದ್ಧಿಯದೆಂದು ನಾನು ಅಂದೇ ತೀರ್ಮಾನಿಸಿದೆ.

ಮೂರು ವಾರಕ್ಕೆ ಹುಬ್ಬಳ್ಳಿಗೆ ಮರಳಿ ಬಂದೆವು. ಮೇಡಂ ನಮ್ಮನ್ನು ಕಿವಿಗಳಲ್ಲಿ ಕೂರಿಸಿದರು. ಅವನು ಬಾಯಿ ಮುಚ್ಚಿದ್ದಾಗ ಎಲ್ಲ ಸರಿ. “ಈಗ ಏನಾದ್ರೂ ಹಾಡಿ,” ಎಂದರು. ಅವನು ಒಂದು ಭಜನೆಯ ಪಲ್ಲವಿ ಎತ್ತಿದ. ದವಡೆ ಇಳಿಯುತ್ತಲೇ ನನ್ನ ಎಡಮೈ ಕಿವಿಯ ಗೋಡೆಯಿಂದ ಬಿಟ್ಟುಕೊಂಡಿತು, ಬೀದಿಯ ಸದ್ದೆಲ್ಲ ಒಳಗೆ ಬಂತು.

“ಎಡಗಡೆ ಬಿಡ್ತಿದೆ. ಅಚ್ಚು ಇನ್ನೊಂದ್ಸಲ ತೆಗೀಬೇಕು. ಅವತ್ತು ಬಾಯಿ ಮುಚ್ಕೊಂಡಿದ್ರಾ?”

“ಇಲ್ರಿಪಾ!”

“ಬಾಯಲ್ಲಿ ಏನಾದ್ರೂ ಇತ್ತಾ?”

“ದೇವರಾಣಿ ಇಲ್ರಿ.”

“ಪರವಾಗಿಲ್ಲ, ಇನ್ನೊಂದು ಮೂರು ವಾರ. ದುಡ್ಡೇನೂ ಬೇಡ.”

“ಶ್ರಾವಣ ಹತ್ರ ಬಂತ್ರಿ ಮೇಡಂ. ಊರೂರಿಗೆ ಭಜನಿ ಚಾಲೂ ಆಕ್ಕಾವ. ಹೊಂದಕೊಂತೈತಿ ಬಿಡ್ರಿ, ಹೊಸಾ ಚಪ್ಪಲಿ ಹೊಂದಕೊಂಡಂಗ.”

ಚಪ್ಪಲಿ! ನನ್ನನ್ನು ಚಪ್ಪಲಿಗೆ ಹೋಲಿಸಿದ ಆ ದಿನದಿಂದಲೇ ಅವನನ್ನು ಕಂಡರೆ ನನಗಾಗದು. ಎಲೆ ಅಡಿಕೆ ಎಂಬ ಐದಕ್ಷರ ಬಾಯಿಬಿಟ್ಟು ಹೇಳಲು ನಾಚಿಕೆ. ಆ ನಾಚಿಕೆಯ ಎದುರಿಗೆ ಕಿವಿ ಅಗ್ಗವಾಯಿತು.

ಗದಗಿನಿಂದ ಮುಂಡರಗಿಯ ಕಡೆಗೆ ಹೋದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅಲ್ಲಿನ ಗಾಳಿ ಎಂಥದ್ದೆಂದು ಅದರಿಂದಲೇ ತಿಳಿಯಬೇಕು. ಬಾಯಿ ಮುಚ್ಚಿಕೊಂಡು ಬೈಕ್ ಓಡಿಸಿದ್ದರೆ ನಾನು ನನ್ನ ಕೆಲಸ ಮಾಡುತ್ತಿದ್ದೆ. ಆದರೆ ಮೌನೇಶ ರಸ್ತೆಯುದ್ದಕ್ಕೂ ಹಾಡುವವನು. ನಾನು ನುಡಿಸಿದ ಹಾಡನ್ನೇ ಅವನೂ ನನಗಿಂತ ಜೋರಾಗಿ ಹಾಡಬೇಕು. ಹಾಡಿದರೆ ದವಡೆ ಇಳಿಯುತ್ತದೆ, ದವಡೆ ಇಳಿದರೆ ನಾನು ಸಡಿಲ, ಸಡಿಲವಾದರೆ ಗಾಳಿ ಒಳಗೆ, ಗಾಳಿ ಬಂದರೆ ನನ್ನ ಹಾಡು ಕೇಳದು. ಆಗ ಬೈಕ್ ನಿಲ್ಲಿಸಿ ಫೋನಿನಲ್ಲಿ ಸದ್ದು ಏರಿಸುತ್ತಿದ್ದ. ಒಂದು ಸಲಕ್ಕಾದರೂ ಬಾಯಿ ಮುಚ್ಚಿ ನೋಡೋಣವೆಂದು ಅವನಿಗೆ ಅನ್ನಿಸಲಿಲ್ಲ.

“ಎಡಗಡೆ ಸಪ್ಪಳ ತೆಳ್ಳಗಾಗೇತೋ,” ಎಂದು ಕಮಲಾಕ್ಷಿಯ ತಮ್ಮ ವಿರೂಪಾಕ್ಷನ ಬಳಿ ದೂರಿಕೊಂಡ. ವಿರೂಪಾಕ್ಷನದು ಮೊಬೈಲ್ ರಿಪೇರಿ ಅಂಗಡಿ. ಆದ್ದರಿಂದ ಲೋಕದ ಎಲ್ಲ ಯಂತ್ರಗಳೂ ತನಗೆ ಗೊತ್ತೆಂಬ ಭಾವ. ಅವನು ಫೋನಿನೊಳಗೆ ಏನನ್ನೋ ಜಾರಿಸಿ, ಸದ್ದಿನ ತೂಕವೆಲ್ಲ ಎಡಕ್ಕೆ ಬರುವಂತೆ ಮಾಡಿಕೊಟ್ಟ. “ಈಗ ನೋಡ ಮಾಮಾ, ಪೂರಾ ಮಂಡಳಿನ ನಿನ್ನ ಎಡಗಿವ್ಯಾಗ ಕುಂತಿರತೈತಿ.”

ಕೂತೇ ಬಿಟ್ಟಿತು. ತಾಳ, ದಮ್ಮಡಿ, ಹತ್ತು ಜನರ ಕೂಗು, ಎಲ್ಲವೂ ನನ್ನ ಜೋಳದ ಕಾಳಿನಷ್ಟು ಗಂಟಲಿನಿಂದ. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಕೆಂಪು ಜೋಡಿ ಆಚೆ ಬದಿಯಲ್ಲಿ ಪಿಸುಗುಡುತ್ತಿದ್ದರೆ ನಾನು ಅಬ್ಬರಿಸುತ್ತಿದ್ದೆ. ಈ ಕಿವಿಗೆ ನಾನೇ ಯಜಮಾನ ಎಂದುಕೊಂಡೆ.

ಆ ವಿರೂಪಾಕ್ಷ ಒಮ್ಮೆ ಕಾರವಾರಕ್ಕೆ ಗೆಳೆಯರ ಜೊತೆ ಬೈಕಿನಲ್ಲಿ ಹೊರಟಾಗ ನಮ್ಮನ್ನು ಕೇಳಿ ಪಡೆದ. ಇನ್ನೊಬ್ಬರ ಅಳತೆಯ ಬಿರಡೆ ತನ್ನ ಕಿವಿಗೆ ಕೂರದೆಂಬುದು ಅವನಿಗೆ ತಿಳಿಯದು. ಹಳಿಯಾಳ ದಾಟುವವರೆಗೂ ಒತ್ತಿ, ತಿರುವಿ, ಉಗುಳು ಹಚ್ಚಿ ತುರುಕಿದ. ಉಗುಳು! ಮರುದಿನ ನಮ್ಮನ್ನು ಮೇಜಿನ ಮೇಲೆ ಎಸೆದು, “ನಿನ್ನದೇನು ಕಿವಿನೋ ಶಂಖೋ ಮಾಮಾ?” ಎಂದು ಕೇಳಿದ. ಅವನ ಕಿವಿ ಕೆಂಪಗೆ ಊದಿತ್ತು. ಕಮಲಾಕ್ಷಿ ಬೆಚ್ಚನೆಯ ನೀರಿನಲ್ಲಿ ಸೋಪು ಕಲಸಿ ನನ್ನನ್ನು ಒರೆಸಿದಳು, ಊದಿದ ಕಿವಿಗೆ ಅರಿಶಿನ ತಂದು ಹಚ್ಚಿದಳು. ಆ ಮನೆಯಲ್ಲಿ ನಾನು ಲೇವಡಿ ಮಾಡಲಾಗದ ಕೈ ಅದೊಂದೇ. ಮೂರ್ಖರಿಗೆಲ್ಲ ಅವಳೇ ಮದ್ದು ಹಚ್ಚುತ್ತಿದ್ದಳು, ಅಷ್ಟೇ ಅವಳ ತಪ್ಪು.

“ರೀ, ಅಡಗಿಮನಿ ತನಕಾ ಕೇಳತೈತಿ ನಿಮ್ಮ ಕಿವ್ಯಾಗಿನ ಹಾಡು,” ಎಂದು ಅವಳು ಒಂದು ಬೆಳಿಗ್ಗೆ ಹೇಳಿದಳು. “ಒಳಗ ಇರೂದು ನನಗ ಕೇಳಿದ್ರ ಕಿವಿ ಗತಿ ಏನು?”

“ನಿನ್ನ ಕಿವಿ ಭಾಳ ಚೂಪ ಅದಾವ ಬಿಡು.”

“ನಿಮ್ಮವೂ ಇದ್ದೂವು.”

ಅವನು ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟ.

ಎರಡು ಶ್ರಾವಣಗಳು ಕಳೆದವು. ಒಳಗಿದ್ದ ನನಗೆ ಬದಲಾವಣೆ ಮೊದಲೇ ತಿಳಿಯುತ್ತಿತ್ತು. ಹೋದ ವರ್ಷ ಸಾಕಾಗಿದ್ದ ಸದ್ದು ಈ ವರ್ಷ ಅವನಿಗೆ ಸಾಲದು. ಅಂಗಡಿಯಲ್ಲಿ ಕತ್ತಿನಿಂದ ಜೋತುಬಿದ್ದು ನಾನು ನೋಡುತ್ತಿದ್ದೆ: ಮೇಲಿನ ಸಪ್ತಕದ ನಾಲಗೆಗಳನ್ನು ಅವನು ಈಗ ಬಲು ಬೇಗ ಮುಗಿಸುತ್ತಿದ್ದ. ನಾಲ್ಕು ಸಲ ಅರ ಎಳೆದು, ಎಡಗಿವಿ ಬಾಗಿಸಿ, “ನಿಂತ್ತು ನೋಡು” ಎನ್ನುತ್ತಿದ್ದ. ನಡುಕ ನಿಂತಿರಲಿಲ್ಲ. ಅದು ಅವನಿಗೆ ಕೇಳುವುದು ನಿಂತಿತ್ತು. ತನ್ನ ಕೈ ಪಳಗಿದೆ, ಅದಕ್ಕೇ ಕೆಲಸ ಇಷ್ಟು ಬೇಗ ಆಗುತ್ತಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಎಂಥ ಮೂರ್ಖ ಎಂದು ನಾನು ನಗುತ್ತಿದ್ದೆ.

ಮೂರನೆಯ ಶ್ರಾವಣ. ಡಂಬಳದ ಆಚೆಯ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿಯ ಮಂಡಳಿಯ ಪೇಟಿಗೆ ಹಿಂದಿನ ವಾರವಷ್ಟೇ ಸ್ವರ ಕೂಡಿಸಿ ಬಂದಿದ್ದ. ಮಠದ ಜಗುಲಿಯ ಮೇಲೆ ಏಳೆಂಟು ಜನ ಕೂತಿದ್ದರು. ಪೇಟಿ ನುಡಿಸುವ ಫಕ್ಕೀರಗೌಡ ಮುಖ ಗಂಟಿಕ್ಕಿದ್ದ.

“ಮಾಸ್ತರ, ಏನ್ ಮಾಡಿಟ್ಟೀರಿ ಇದಕ್ಕ? ಜ್ವರ ಬಂದಂಗ ನಡಗಾಕತ್ತೈತಿ.”

“ನಿಮ್ಮ ಬೆರಳು ನಡಗಾಕತ್ತಿರಬೇಕು ಗೌಡ್ರ.”

“ಹಂಗಾದ್ರ ನಿಮ್ಮ ಬೆರಳ ಇಡ್ರಿ.”

ಮೌನೇಶ ತಿದಿ ಒತ್ತಿ ಮೇಲಿನ ಮನೆಯೊಂದರ ಮೇಲೆ ಬೆರಳಿಟ್ಟ. ಎಡಗಿವಿ ಬಾಗಿಸಿದ. ಬಹಳ ಹೊತ್ತು ಕೇಳಿದ. “ಗೆರಿ ಎಳದಂಗೈತಿ,” ಎಂದ. “ಎಲ್ಲೈತಿ ನಡುಕ?”

ಜಗುಲಿಯ ಮೇಲೆ ನಗುವುದಕ್ಕೆ ಸಿದ್ಧವಾಗಿದ್ದವರೂ ನಗಲಿಲ್ಲ. ಚಹಾ ತಂದ ಹೆಣ್ಣುಮಗಳು ತಟ್ಟೆ ಹಿಡಿದುಕೊಂಡೇ ನಿಂತು, “ಯಪ್ಪಾ, ನನಗ ಕೇಳಾಕತ್ತೈತಲ್ಲ,” ಎಂದಳು. “ಗುಂಗಾಡಿ ಹಾರಿದಂಗ ಸಪ್ಪಳ.”

“ನಿನಗ?” ಎಂದು ಅವನು ಪಕ್ಕದವನನ್ನು ಕೇಳಿದ.

“ಕೇಳತೈತ್ರಿ ಮಾಸ್ತರ.”

“ನಿಮಗ?”

“ಕೇಳತೈತಿ.”

ಒಬ್ಬೊಬ್ಬರನ್ನೂ ಕೇಳಿದ. ತಾಳ ಹೊಡೆಯುವವನಿಗೆ ಕೇಳುತ್ತಿತ್ತು. ಎಂಬತ್ತು ದಾಟಿದ ಮುದುಕನಿಗೂ ಕೇಳುತ್ತಿತ್ತು. ಕೇಳದಿದ್ದದ್ದು ಆ ಜಗುಲಿಯ ಮೇಲೆ ಪೇಟಿ ಮಾಸ್ತರನೊಬ್ಬನಿಗೆ.

ಫಕ್ಕೀರಗೌಡನ ದನಿ ತಗ್ಗಿತು. “ಚಹಾ ಕುಡೀರಿ ಮಾಸ್ತರ. ಬಿಸಲಾಗ ಬಂದೀರಿ.”

ಆ ಮೆತ್ತನೆಯ ಮಾತೇ ಅವನನ್ನು ಕೆಡವಿತು. ಬೆರಳು ಮನೆಯ ಮೇಲಿದ್ದಂತೆಯೇ, ಏನು ತೋಚಿತೋ, ತಲೆಯನ್ನು ಮೆಲ್ಲಗೆ ಆಚೆ ತಿರುಗಿಸಿ ಬಲಗಿವಿಯನ್ನು ಬಾಗಿಸಿದ. ಅವನ ರೆಪ್ಪೆ ನಿಂತುಹೋಯಿತು. ಕೇಳಿಸಿತು. ಹಿತ್ತಾಳೆಯ ನಾಲಗೆಗಳೆರಡು ಒಂದನ್ನೊಂದು ಗುದ್ದುತ್ತ ನಡುಗುತ್ತಿದ್ದವು. ತಿರುಗಿ ಎಡಗಿವಿ ಬಾಗಿಸಿದ. ಗೆರೆ ಎಳೆದಂತೆ ನಯ. ಮತ್ತೆ ಬಲ. ನಡುಕ. ಹೀಗೆ ನಾಲ್ಕೈದು ಸಲ, ದಾರಿ ತಪ್ಪಿದ ಹಕ್ಕಿಯಂತೆ, ಆ ಕಡೆ ಈ ಕಡೆ.

ಕತ್ತಿನಲ್ಲಿ ಜೋತಿದ್ದ ನಮ್ಮಿಬ್ಬರ ಮೇಲೆ ಅವನ ಕೈ ಬಿತ್ತು. ಕೆಂಪನ್ನು ನೋಡಿದ. ನನ್ನನ್ನು ನೋಡಿದ. ಒಂದೇ ಮನುಷ್ಯ, ಒಂದೇ ರಸ್ತೆ, ಒಂದೇ ಗಾಳಿ. ಮಂದಬುದ್ಧಿಯದೆಂದು ನಾನು ಹೀಗಳೆದಿದ್ದ ಕೆಂಪು ಬಿರಡೆ ತೆಪ್ಪಗೆ ಕೂತು ಒಂದು ಕಿವಿಯನ್ನು ಉಳಿಸಿಕೊಟ್ಟಿತ್ತು. ಅಬ್ಬರಿಸಿದ್ದು ನಾನು.

ಅಂದು ಅವನು ಕೆಲಸ ಬಿಟ್ಟು ಏಳಲಿಲ್ಲ. ಪೇಟಿಯನ್ನು ತಿರುಗಿಸಿ ಇಟ್ಟುಕೊಂಡು, ಬಲಗಿವಿ ಬಾಗಿಸಿ, ಅರವನ್ನು ಎಡಗೈಗೆ ಕೊಟ್ಟ. ಮೂವತ್ತು ವರ್ಷದ ಅಭ್ಯಾಸವೆಲ್ಲ ತಲೆಕೆಳಗು. ಎಡಗೈ ಒರಟು, ಎರಡು ನಾಲಗೆ ಮುರಿದವು, ಚೀಲದಿಂದ ಬೇರೆ ತೆಗೆದು ಕೂರಿಸಿದ. ಬೆರಳಿಗೆ ಗಾಯವಾಯಿತು. ಚಹಾ ತಣ್ಣಗಾಯಿತು, ಆಕೆ ಇನ್ನೊಂದು ತಂದಿಟ್ಟಳು, ಅದೂ ತಣ್ಣಗಾಯಿತು. ಬೆಳಿಗ್ಗೆ ಶುರುಮಾಡಿದವನು ಹೊತ್ತಿಳಿಯುವಾಗ ಮುಗಿಸಿದ. ಫಕ್ಕೀರಗೌಡ ನುಡಿಸಿ ನೋಡಿ, ಸರಿಯೆಂದು ತಲೆಯಾಡಿಸಿದ. ಮೌನೇಶ ನಮ್ಮನ್ನು ಕಿವಿಗಿಟ್ಟುಕೊಂಡ, ತಂತಿಯನ್ನು ಫೋನಿಗೆ ಸಿಕ್ಕಿಸಲಿಲ್ಲ. ಗದಗಿನವರೆಗೆ ಹಾಡಲಿಲ್ಲ. ಬಾಯಿ ಮುಚ್ಚಿದ್ದರಿಂದ, ರಸ್ತೆಯ ಮೇಲೆ ನಾನು ಮೊದಲ ಸಲ ಆ ಕಿವಿಯನ್ನು ಸರಿಯಾಗಿ ಮುಚ್ಚಿದೆ. ಒಳಗೆ ಕಾಯಲು ಹೆಚ್ಚೇನೂ ಉಳಿದಿರಲಿಲ್ಲ.

ಮನೆಯಲ್ಲಿ ಕಮಲಾಕ್ಷಿ ಅವನ ಬೆರಳಿನ ಗಾಯ ನೋಡಿದಳು, ಮುಖ ನೋಡಿದಳು.

“ಎಡಗಿವಿ ಹೋಗೇತಿ ಕಮಲಾ,” ಎಂದ. “ಅವತ್ತ ನಾನ ಬಾಯಾಗ ಎಲಿ ಇಟಗೊಂಡಿದ್ದೆ. ಆ ಮೇಡಂಗ ಸುಳ್ಳ ಹೇಳಿದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೆರಳಿಗೆ ಬಟ್ಟೆ ಸುತ್ತಿ, “ನಾಳೆ ಹುಬ್ಬಳ್ಳಿಗೆ ಹೋಗೂಣು,” ಎಂದಳು.

ತನುಜಾ ಮೇಡಂ ಪರೀಕ್ಷೆ ಮಾಡಿ ಹೇಳಿದ್ದು ಕೆಲವೇ ಮಾತು. ಎಡದ್ದರಲ್ಲಿ ಮೇಲಿನ ಸ್ವರಗಳು ಹೋಗಿವೆ, ತಿರುಗಿ ಬರುವುದಿಲ್ಲ. ಬಲದ್ದು ಮೊದಲಿನಷ್ಟೇ ಇದೆ. ಮತ್ತೆ ಅದೇ ತಟ್ಟೆ, ಅವೇ ಎರಡು ಬಗೆ. ಈ ಸಲ ಅವನ ಬೆರಳು ಹಾಡುವ ಬಿರಡೆಯ ಬಳಿ ಸುಳಿಯಲಿಲ್ಲ. ಹಿತ್ತಲಿನ ನಲ್ಲಿಗೆ ಹೋಗಿ ಎರಡೆರಡು ಸಲ ಬಾಯಿ ಮುಕ್ಕಳಿಸಿ ಬಂದ. ಪ್ಲಾಸ್ಟಿಕ್ ತುಂಡನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕಿವಿಗೂ ಐದೈದು ನಿಮಿಷ, ಕಣ್ಣು ಮುಚ್ಚಿ ಕೂತ. ಕಮಲಾಕ್ಷಿ ಎದುರಿಗೇ ಕೂತಿದ್ದಳು.

ನಮ್ಮನ್ನು ಏನು ಮಾಡುವುದೆಂದು ಅವನು ಕೇಳಿದಾಗ ಮೇಡಂ, “ಇಲ್ಲೇ ಇರಲಿ, ನಾಲ್ಕು ಜನಕ್ಕೆ ತೋರಿಸ್ತೀನಿ,” ಎಂದರು. ಅಂದಿನಿಂದ ನಾನು ಈ ಗಾಜಿನ ಕಪಾಟಿನಲ್ಲಿದ್ದೇನೆ. ತಂತಿ ಕತ್ತರಿಸಿದ್ದಾರೆ. ಕೆಂಪು ಜೋಡಿ ಪಕ್ಕದಲ್ಲಿದೆ, ಈಗಲೂ ಸುಮ್ಮನಿದೆ. ನಾನೂ ಸುಮ್ಮನಿರಲು ಕಲಿಯುತ್ತಿದ್ದೇನೆ. ಬೈಕಿನವರು ಬರುತ್ತಾರೆ, ಹೊಳೆಯುವ ಜಾಕೆಟ್ ಹಾಕಿಕೊಂಡು, ಹಾಡುವುದೇ ಬೇಕೆಂದು ಹಟ ಹಿಡಿಯುತ್ತಾರೆ. ಮೇಡಂ ನನ್ನನ್ನು ತೆಗೆದು ಅವರ ಅಂಗೈಯಲ್ಲಿಡುತ್ತಾರೆ, ನನ್ನ ಎಡಮೈಯ ಸೊಟ್ಟನ್ನು ಪೆನ್ನಿನ ತುದಿಯಿಂದ ತೋರಿಸುತ್ತಾರೆ. ಅವರು ನನ್ನನ್ನು ನೋಡುವ ನೋಟ ನನಗೆ ಚೆನ್ನಾಗಿ ಗೊತ್ತು. ಆಯುಷ್ಯವಿಡೀ ನಾನು ಅದೇ ನೋಟದಿಂದ ಲೋಕವನ್ನು ನೋಡಿದವನು.

ಎಲ್ಲರನ್ನೂ ಹೀಗಳೆದೆ. ಸುಳ್ಳು ಹೇಳಿದ್ದು ಅವನು, ತೂಕ ಜಾರಿಸಿದ್ದು ವಿರೂಪಾಕ್ಷ, ಗಮನಿಸದೆ ಹೋದದ್ದು ಮೇಡಂ. ನಿಜವೇ. ಆದರೆ ಆ ಕಿವಿಯ ಒಳಗಿದ್ದದ್ದು ಅವರಾರೂ ಅಲ್ಲ. ಸದ್ದು ಹೊರಟಿದ್ದು ನನ್ನ ಗಂಟಲಿನಿಂದ, ಮತ್ತು ಹೊರಡುವಾಗ ನನಗೆ ಖುಷಿಯಾಗಿತ್ತು.

ಮೌನೇಶ ಆರು ತಿಂಗಳಿಗೊಮ್ಮೆ ಬರುತ್ತಾನೆ. ಬಲಗಿವಿಯಲ್ಲಿ, ಎಡಗೈಯಲ್ಲಿ ಈಗಲೂ ಪೇಟಿ ಕೆಲಸ ನಡೆಸಿದ್ದಾನಂತೆ; ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುತ್ತದಂತೆ. ಕಪಾಟಿನ ಎದುರಿಗೇ ಪರೀಕ್ಷೆಯ ಗಾಜಿನ ಕೋಣೆ. ಸದ್ದು ಕೇಳಿದರೆ ಬೆರಳೆತ್ತಬೇಕು. ಬಲಗಿವಿಗೆ ಅವನ ಬೆರಳು ಪಟಪಟನೆ ಏಳುತ್ತದೆ. ಆಮೇಲೆ ಎಡಗಿವಿಯ ಸರದಿ. ಮೇಡಂ ಗುಂಡಿ ಒತ್ತುವುದು ನನಗಿಲ್ಲಿಂದ ಕಾಣುತ್ತದೆ. ಅವನು ಕಣ್ಣು ಮುಚ್ಚಿ, ಇಡೀ ಮೈಯಿಂದ ಕೇಳುತ್ತ ಕೂತಿರುತ್ತಾನೆ. ಬೆರಳು ತೊಡೆಯ ಮೇಲೇ ಇರುತ್ತದೆ. ಮೇಡಂ ಸ್ವಲ್ಪ ತಡೆದು, ಸದ್ದು ಏರಿಸಿ, ಇನ್ನೊಮ್ಮೆ ಒತ್ತುತ್ತಾರೆ.